ಬಳೆಗಾರ್ತಿಯ ಹಲಗೆ

ಹಲಗೆ ಮೂರನೆಯ ಸಲ ಕೆಂಪಾದಾಗ ಬಸಲಿಂಗವ್ವ ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಒರೆಸಿದರೆ ಹೋಗುವ ಕೆಂಪಲ್ಲ ಅದು ಎಂದು ಗೊತ್ತಿದ್ದೂ ಒರೆಸಿದಳು.

"ನಿಮ್ಮ ಹಿತಕ್ಕಾಗಿ ಈ ಪಾವತಿಯನ್ನು ತಡೆಯಲಾಗಿದೆ" ಎಂದಿತು ಹಲಗೆಯೊಳಗಿನ ಹೆಣ್ಣುದನಿ. "ನೀವು ಕ್ಷೇಮವಾಗಿದ್ದೀರಾ?"

ಎದುರಿಗೆ ಕೂತಿದ್ದ ನೇಕಾರ ಓಣಿಯ ಶಾಂತವ್ವ ಹೊಸ ಬಳೆ ಗಲ್ಲೆನ್ನುವಂತೆ ಕೈ ಆಡಿಸಿ ನಕ್ಕಳು. "ಕೇಳಿದೇನ ಬಸಲಿಂಗಕ್ಕಾ? ನಮ್ಮತ್ತಿ ಇಪ್ಪತ್ತ ವರ್ಷದಾಗ ಒಂದ ದಿನಾ ಹಿಂಗ ಕೇಳಲಿಲ್ಲ. ಆರಾಮ ಅದೀನವ್ವಾ, ನೀ ರೊಕ್ಕಾ ತಗೋ."

ಹಲಗೆ ತೆಗೆದುಕೊಳ್ಳಲಿಲ್ಲ.

ನೋಟು, ನಾಣ್ಯಗಳು ನಿಂತು ಆರು ವರ್ಷವಾಗಿತ್ತು. ಬೆಟಗೇರಿಯಂಥ ಊರಿನಲ್ಲೂ ಈಗ ಅಂಗಡಿಗೊಂದು ಕರಿಯ ಹಲಗೆ. ಅದರ ಮೇಲೆ ಬಲ ಅಂಗೈ ಇಟ್ಟರೆ ರಕ್ತನಾಳಗಳ ಗುರುತು ಹಿಡಿದು ಹಣ ದಾಟಿಸುತ್ತದೆ. ಮೊದಲೆರಡು ವರ್ಷ ಅದು ಅಷ್ಟನ್ನೇ ಮಾಡುತ್ತಿತ್ತು. ಆಮೇಲೆ, ಪೊಲೀಸರೆಂದು ಫೋನಿನಲ್ಲಿ ಹೆದರಿಸಿ ಮುದುಕರ ಉಳಿತಾಯವನ್ನೆಲ್ಲ ದೋಚುವವರ ಕಾಟ ಹೆಚ್ಚಾಯಿತು. ಆಗ ಬಂದದ್ದು 'ಸಮ್ಮತಿ'. ಅಂಗೈಯ ನಾಡಿ, ಬೆವರು, ಕಣ್ಣಿಗೆ ಕಾಣದ ನಡುಕ ಮೂರನ್ನೂ ಹಲಗೆ ಅಳೆಯತೊಡಗಿತು. ಹೆದರಿದ ಕೈಯಿಂದ ಹಣ ಹೊರಡುವುದಿಲ್ಲ. ಜನ ಸಂತೋಷಪಟ್ಟರು. ಹೆದರಿಕೆ ಕಂಡರೆ ಹೆದರಿಸಿದವರೂ ಇರಲೇಬೇಕು, ಅವರು ಹಣ ಪಡೆಯುವವರೇ ಆಗಿರಬೇಕು ಎಂದು ಯಂತ್ರಕ್ಕೆ ಕಲಿಸಿದ್ದರು. ಹಾಗಾಗಿ ಕೆಂಪು ಗುರುತು ಬೀಳುತ್ತಿದ್ದುದು ಅಂಗಡಿಯ ಮೇಲೆ.

ಬಸಲಿಂಗವ್ವನ ಅಂಗಡಿಗೆ ಹಿಂದಿನ ದಿನವಷ್ಟೇ ನೋಟೀಸು ಬಂದಿತ್ತು. ನೂರಕ್ಕೆ ಮೂವತ್ತೆಂಟು ಪಾವತಿಗಳಲ್ಲಿ ಭಯ ಕಂಡಿದೆ. ಈ ತಿಂಗಳ ಕೊನೆಯೊಳಗೆ ಸಮಾಧಾನಕರ ಕಾರಣ ಸಿಗದಿದ್ದರೆ ಹಲಗೆಯನ್ನು ಮುಚ್ಚಲಾಗುವುದು. ಹಲಗೆ ಮುಚ್ಚಿದರೆ ಅಂಗಡಿ ತೆರೆದಿದ್ದೂ ಇಲ್ಲದ ಹಾಗೆಯೇ. ಅತ್ತೆಯಿಂದ ಬಂದ ಅಂಗಡಿ ಅದು, ಮೂವತ್ತು ವರ್ಷ ಅವಳನ್ನು ಸಾಕಿದ್ದು.

"ಏನಂತ ಬರದ ಕೊಟ್ಟಿ?" ಎಂದು ಶಾಂತವ್ವ ಕೇಳಿದಳು.

"ಏನ ಬರೀಲಿ? ಬಂದ ನೋಡ್ರಿ ಅಂತ ಹೇಳಿ ಕಳಸೀನಿ."

ಶಾಂತವ್ವ ರೊಕ್ಕದ ಮಾತನ್ನು ನಾಳೆಗೆ ಬಿಟ್ಟು ಎದ್ದು ಹೋದಳು. ಹೋಗುವಾಗ ಹಲಗೆಯನ್ನೂ ಬಸಲಿಂಗವ್ವನ ಕೈಗಳನ್ನೂ ಒಮ್ಮೆ ನೋಡಿದಳು. ಆ ನೋಟ ಬಸಲಿಂಗವ್ವನಿಗೆ ಹೊಸದಾಗಿತ್ತು. ಆಕೀ ಕೈಯಾಗ ಏನೋ ಐತಂತ ಎಂದು ಓಣಿಯಲ್ಲಿ ಮಾತು ಶುರುವಾಗಿ ಎಂಟು ದಿನವಾಗಿತ್ತು.

*

ಹುಬ್ಬಳ್ಳಿಯ 'ಸಮ್ಮತಿ' ಕೇಂದ್ರದ ನಾಲ್ಕನೆಯ ಮಹಡಿಯಲ್ಲಿ ಕಿಟಕಿಗಳಿಲ್ಲ. ಒಂದು ಗೋಡೆಯ ತುಂಬ ನಕ್ಷೆ, ನಕ್ಷೆಯ ತುಂಬ ಹಸಿರು, ಹಳದಿ, ಕೆಂಪು ಚುಕ್ಕೆಗಳು. ಕೆಂಪು ಚುಕ್ಕೆಗಳನ್ನು ಒಂದೊಂದಾಗಿ ತೆರೆದು ನೋಡಿ, ಅಂಗಡಿ ಇರಬೇಕೋ ಹೋಗಬೇಕೋ ಎಂದು ಬರೆಯುವ ಕೆಲಸ ವನಮಾಲಾಳದು. ವಯಸ್ಸು ನಲವತ್ತೆಂಟು. ಸಂಶಯಪಡುವುದಕ್ಕೇ ಸಂಬಳ ಪಡೆಯುವವಳು ತಾನು ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

"ಮೂವತ್ತೆಂಟು!" ಮೇಲಧಿಕಾರಿ ಮುನವಳ್ಳಿ ಅವಳ ಹಿಂದೆ ನಿಂತು ಪರದೆ ನೋಡಿದ. "ಬೋರ್ಡ ಬಳಿ ಅಂಗಡೀದು, ಧಂಧೆ ಬಡ್ಡೀದು. ಬರದ ಒಗೀರಿ ಬಾಯಾರ, ಎಷ್ಟೊತ್ತ ನೋಡ್ತೀರಿ?"

ಅವಳಿಗೂ ಹಾಗೆಯೇ ಅನ್ನಿಸಿತ್ತು. ಕೈ ಇಟ್ಟವರೆಲ್ಲ ಹೆಂಗಸರು. ಎಲ್ಲರ ರೇಖೆಗಳೂ ಸಲಾಕೆಯ ಹಾಗೆ ಒಮ್ಮೆಲೇ ಮೇಲಕ್ಕೆದ್ದಿದ್ದವು. ಹಿಂದಿನ ವರ್ಷ ಲಕ್ಷ್ಮೇಶ್ವರದಲ್ಲಿ ಕುಪ್ಪಸ ಹೊಲಿಯುವವಳೊಬ್ಬಳ ಹಲಗೆಯನ್ನು ಇಂಥದೇ ರೇಖೆಗಳನ್ನು ನೋಡಿ ಅವಳೇ ಮುಚ್ಚಿಸಿದ್ದಳು. 'ನಾ ಏನೂ ಮಾಡಿಲ್ರಿ' ಎಂದು ಆಕೆ ನಾಲ್ಕು ಸಲ ಬರೆದಿದ್ದಳು. ಎಲ್ಲರೂ ಹಾಗೆಯೇ ಬರೆಯುತ್ತಾರೆ.

ಆದರೆ ಬೆಟಗೇರಿಯವಳು ಹಾಗೆ ಬರೆದಿರಲಿಲ್ಲ. ಉತ್ತರದ ಜಾಗದಲ್ಲಿ ದನಿ ಮಾತ್ರ ಇತ್ತು: "ಬಂದ ನೋಡ್ರಿ. ಕೈ ಒತ್ತದ ಬಳಿ ಏರೂದಿಲ್ಲ. ಬರಿಗೈಯಿಂದ ನಾ ರೊಕ್ಕ ಇಸಗೊಳ್ಳೂದಿಲ್ಲ."

ಇಷ್ಟು ಧೈರ್ಯವೆಂದರೆ ಬೆನ್ನ ಹಿಂದೆ ಯಾರೋ ಇರಬೇಕು ಎಂದುಕೊಂಡಳು ವನಮಾಲಾ. ಗಿರಾಕಿಯ ಹಾಗೆ ಹೋಗಿ ನೋಡಿ ಬರಲು ಪರಿಶೀಲಕರಿಗೆ ಅನುಮತಿಯಿತ್ತು. ಗುರುವಾರದ ರೈಲಿಗೆ ಹೆಸರು ಹಾಕಿಸಿದಳು.

ಅವತ್ತು ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಅವಳ ತಲೆಯಲ್ಲಿ ಎಂದಿನಂತೆ ಒಂದು ಸಣ್ಣ ಉತ್ತರ ಸಿದ್ಧವಾಗುತ್ತಿತ್ತು. ನೂರಾ ಹತ್ತು ರೂಪಾಯಿ. ಕ್ಯಾಂಟೀನಿನ ಗಿರಮಿಟ್ಟು, ಎರಡು ಚಹಾ. ಒಂದು ಚಹಾ ಪಕ್ಕದ ಮೇಜಿನ ಸುನಂದಾಳಿಗೆ ಕೊಡಿಸಿದ್ದು.

ನಡುಮನೆಯ ಗೋಡೆಯ ಮೇಲೆ ಮನೆಖಾತೆಯ ಪಟ್ಟಿ ಬೆಳಗುತ್ತಿತ್ತು. ಮನೆಯ ಯಾರು ಎಲ್ಲಿ ಕೈ ಇಟ್ಟರೂ ಆ ಕ್ಷಣವೇ ಅದರ ಮೇಲೆ ಮೂಡುತ್ತದೆ. ಗಂಡ ಅರವಿಂದ ಅದರ ಮುಂದೆ ಕೂತು ಮೂಸಂಬಿ ಸುಲಿಯುತ್ತಿದ್ದ. ಕಾಲೇಜಿನ ಗ್ರಂಥಪಾಲಕನಾಗಿ ನಿವೃತ್ತನಾದವನು, ದನಿ ಎತ್ತಿ ಗೊತ್ತಿಲ್ಲದವನು.

"ಇವತ್ತ ನೂರಾ ಹತ್ತಲ್ಲ?" ಎಂದ, ಒಂದು ತೊಳೆ ಅವಳತ್ತ ಚಾಚುತ್ತ.

"ಗಿರಮಿಟ್ಟು. ಸುನಂದಾಗೂ ಚಾ ಕೊಡಸಿದೆ."

"ಕೊಡಸು, ಕೊಡಸು. ಸುಮ್ಮ ಕೇಳಿದೆ."

ಹೌದು, ಸುಮ್ಮನೆ ಕೇಳುತ್ತಿದ್ದ. ಇಪ್ಪತ್ತಮೂರು ವರ್ಷಗಳಲ್ಲಿ ಒಂದು ದಿನವೂ ಬೈದವನಲ್ಲ. ಪ್ರತಿ ತಿಂಗಳ ಒಂದನೆಯ ತಾರೀಖು ಅವಳು ಮನೆಯ ಹಲಗೆಯ ಮೇಲೆ ಕೈ ಇಟ್ಟು ಸಂಬಳವನ್ನೆಲ್ಲ ಅವನ ಹೆಸರಿಗೆ ಕಳಿಸುತ್ತಿದ್ದಳು. ಅದೂ ಅವನು ಕೇಳಿದ್ದಲ್ಲ, ಯಾವಾಗಲೋ ರೂಢಿಯಾದದ್ದು. ಮೂಸಂಬಿ ಸಿಹಿಯಾಗಿತ್ತು.

*

ಬಸಲಿಂಗವ್ವನ ಅಂಗಡಿ ನಾಲ್ಕು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಹಗ್ಗಕ್ಕೆ ಪೋಣಿಸಿದ ಬಳೆಗಳ ಮಲಾರಗಳು ಸೂರಿನಿಂದ ಇಳಿಬಿದ್ದಿದ್ದವು. ಹಿಂದೆ ಒಂದು ಪರದೆ. ವನಮಾಲಾ ಒಳಗೆ ಬಂದು ಮೊದಲು ನೋಡಿದ್ದು ಆ ಪರದೆಯನ್ನೇ.

ಜಮಖಾನೆಯ ಮೇಲೆ ಇಬ್ಬರು ಕೂತಿದ್ದರು. ಒಬ್ಬಳು ಮುಂದಿನ ವಾರ ಮದುವೆಯಾಗುವ ಹುಡುಗಿ. ಇನ್ನೊಬ್ಬಳಿಗೆ ನಲವತ್ತರ ಆಸುಪಾಸು, ಹೆಗಲಿಗೆ ಶಾಲೆಯ ಚೀಲ. ಬಸಲಿಂಗವ್ವ ಅವಳನ್ನು ಕಸ್ತೂರಿ ಟೀಚರ್ ಎಂದು ಕರೆಯುತ್ತಿದ್ದಳು. ಟೀಚರಿಗೆ ಬಳೆ ಇಟ್ಟು ಆಗಿತ್ತು. ಆಕೆ ಹಲಗೆಯ ಮೇಲೆ ಕೈ ಇಟ್ಟಳು. ಕೆಂಪು. ಇನ್ನೊಮ್ಮೆ ಇಟ್ಟಳು. ಮತ್ತೆ ಕೆಂಪು. ಟೀಚರ್ ಎದ್ದು ಪರದೆಯ ಹಿಂದೆ ಹೋದಳು. ಸೋಪಿನ ವಾಸನೆ ಬಂತು. ಹೊರಗೆ ಬಂದಾಗ ಅವಳ ಕೈಯಲ್ಲಿ ಹೊಸ ಬಳೆಗಳಿರಲಿಲ್ಲ. ಬಣ್ಣ ಹೋದ ಹಳೆಯ ನಾಲ್ಕು ಇದ್ದವು.

ಸಿಕ್ಕಳು ಅಂದುಕೊಂಡಳು ವನಮಾಲಾ. ಒಳಗೆ ಏನೋ ಒತ್ತೆ ಇಡಿಸಿಕೊಳ್ಳುತ್ತಿದ್ದಾಳೆ.

"ಬರ್ರಿ, ಕೂಡ್ರಿ" ಎಂದಳು ಬಸಲಿಂಗವ್ವ ಅವಳ ಕಡೆ ತಿರುಗಿ. "ಯಾವ ಬಣ್ಣ?"

"ಹಸಿರು. ಡಜನ್. ರೊಕ್ಕ ಮೊದಲ ಕೊಡ್ಲಿ? ಆಮ್ಯಾಲೆ ಹಲಗಿ ತಕರಾರ ಮಾಡ್ತದಂತ ಕೇಳೀನಿ."

"ಒಲ್ಲೆ ಅಕ್ಕಾರ. ಬರಿಗೈಯಿಂದ ಇಸಗೋಬಾರ್ದು. ಏರಸೂ ಮುಂದ ಒಡದ್ರ ಆ ಬಳಿ ನಂದು, ನಿಮ್ಮದಲ್ಲ. ಎಷ್ಟ ಉಳೀತಾವಂತ ಮೊದಲ ಹೆಂಗ ಗೊತ್ತಾಗಬೇಕು? ನಮ್ಮತ್ತಿ ಕಾಲದಿಂದ ಹಂಗ. ಎಡಗೈ ಮೊದಲ, ಬಲಗೈ ಕಡೀಕ, ಆಮ್ಯಾಲೆ ರೊಕ್ಕ."

ಎಡಗೈ ಸುಲಭವಾಗಿ ಮುಗಿಯಿತು. ಬಲಗೈಯನ್ನು ಬಸಲಿಂಗವ್ವ ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು ಹೆಬ್ಬೆರಳ ಬುಡವನ್ನು ಅಂಗೈಯೊಳಕ್ಕೆ ಮಡಿಚಿ, ಗೆಣ್ಣುಗಳನ್ನು ಹಿಟ್ಟು ನಾದುವ ಹಾಗೆ ನಾದಿದಳು. ವನಮಾಲಾಳ ಕಣ್ಣಲ್ಲಿ ನೀರು ಬಂತು. ಕೊನೆಯ ಬಳೆ ಏರಿದ ಕೂಡಲೆ ಆ ಕೈ ನೇರವಾಗಿ ಹಲಗೆಯ ಮೇಲೆ ಹೋಯಿತು. ಕೆಂಪು.

ವನಮಾಲಾ ಜೋರಾಗಿ ನಕ್ಕುಬಿಟ್ಟಳು. ನಾಲ್ಕು ವರ್ಷಗಳ ಗಣಿತ, ನಾಲ್ಕನೆಯ ಮಹಡಿಯ ನಕ್ಷೆ, ಎಲ್ಲ ಇಷ್ಟಕ್ಕೆ! ಒತ್ತಿ ನೋಯಿಸಿದ ಕೈಯ ನಾಡಿ ಹಾರುತ್ತದೆ, ಅಂಗೈ ಬೆವರುತ್ತದೆ, ಬೆರಳು ನಡುಗುತ್ತವೆ. ಯಂತ್ರಕ್ಕೆ ಬಳೆ ಗೊತ್ತಿಲ್ಲ. ಇವರ ಶಾಸ್ತ್ರದ ಪ್ರಕಾರ ನೋಯುವ ಕೈಯೇ ನೇರ ಹಲಗೆಗೆ ಹೋಗಬೇಕು.

ಅವಳು ತನ್ನ ಗುರುತು ಹೇಳಿಕೊಂಡಳು. ಬಸಲಿಂಗವ್ವನ ಮುಖ ಬಿಗಿಯಿತು.

"ನೋಡಾಕ ಬಂದ್ರಲ್ಲ, ನೋಡ್ರಿ" ಎಂದಳಷ್ಟೆ.

"ಉಪಾಯ ಐತಿ. ಬಳಿ ಇಟ್ಟ ಮ್ಯಾಲೆ ಒಂದ ಹತ್ತ ನಿಮಿಷ ಕೂಡಸ್ರಿ. ಚಾ ಕುಡದು, ನೋವು ಹೋದ ಮ್ಯಾಲೆ ಕೈ ಇಡಲಿ."

ಮದುವೆಯ ಹುಡುಗಿಗೆ ಬಳೆ ಇಟ್ಟು ಕೂಡಿಸಿದರು. ಪಕ್ಕದ ಅಂಗಡಿಯಿಂದ ಚಹಾ ಬಂತು. ಹತ್ತು ನಿಮಿಷಕ್ಕೆ ಹುಡುಗಿ ಕೈ ಇಟ್ಟಳು. ಹಸಿರು. "ಯವ್ವಾ, ಚಾಕ್ಕ ಸೋತಿತು ನೋಡ್ರಿ ಇದು!" ಎಂದು ಹುಡುಗಿ ಕೇಕೆ ಹಾಕಿ ನಡೆದಳು.

ವನಮಾಲಾ ತನ್ನ ಲೋಟ ಕೆಳಗಿಟ್ಟು ಕೈ ಇಟ್ಟಳು. ಕೆಂಪು.

ಐದು ನಿಮಿಷ ಬಿಟ್ಟು ಮತ್ತೆ ಇಟ್ಟಳು. ಕೈಯಲ್ಲಿ ನೋವು ಒಂದಿಷ್ಟೂ ಇರಲಿಲ್ಲ. "ನೀವು ಕ್ಷೇಮವಾಗಿದ್ದೀರಾ?" ಎಂದು ದನಿ ಕೇಳಿತು. ಆ ದನಿಗೆ ಪ್ರಶ್ನೆ ಬರೆದುಕೊಟ್ಟ ಸಮಿತಿಯಲ್ಲಿ ಅವಳೂ ಇದ್ದಳು.

"ಯಂತ್ರ ಕೆಟ್ಟೈತಿ" ಎಂದಳು.

ಬಸಲಿಂಗವ್ವ ಅವಳ ಬಲಗೈಯನ್ನು ಮತ್ತೆ ತನ್ನ ಮೊಣಕಾಲ ಮೇಲೆ ಎಳೆದುಕೊಂಡಳು. ಈ ಸಲ ಒತ್ತಲಿಲ್ಲ, ಹಿಡಿದುಕೊಂಡಳು. "ಮೂವತ್ತ ವರ್ಷ ಹೆಂಗಸರ ಕೈ ಹಿಡದೀನ್ರಿ. ಕೆಲವ ಕೈ ಬಳಿ ಏರಸೂಕಿಂತ ಮೊದಲ ಗಟ್ಟಿ ಆಗಿರ್ತಾವು. ಆ ಟೀಚರ್ ಬಾಯಾರದೂ ಹಂಗ. ನಾಕ ಮಂದಿಗೆ ಪಾಠಾ ಹೇಳೂ ಹೆಣಮಗಳು. ಗಂಡ ಹೊಡಿಯೂದಿಲ್ಲ, ಬಡಿಯೂದಿಲ್ಲ. ಬಳಿ ಇಟಗೊಂಡು ಕೈ ನೋಡಕೋತಾಳ, ಆಮ್ಯಾಲೆ ಸೋಪ ಹಚ್ಚಿ ತಗದ ಇಲ್ಲೇ ಇಡತಾಳ. ಡಬ್ಬಿ ಮ್ಯಾಲೆ ಹೆಸರ ಬರದೀನಿ. ಬೇಕಂದ್ರ ತಗದ ನೋಡ್ರಿ, ಏಳ ಡಬ್ಬಿ ಅದಾವು."

"ಮತ್ತ್ಯಾಕ ಒಯ್ಯೂದಿಲ್ಲ?"

"ಮೊದಲ ಒಯ್ತಿದ್ರಲ್ರಿ! ಕೈಯಾಗ ನಾಕ ದುಡ್ಡು ಇದ್ವು. ತಮ್ಮ ರೊಕ್ಕದಾಗ ಇಡಸಗೊಂಡು, ತವರಮನಿಯವ್ರು ಇಡಸಿದ್ರು ಅಂತ ಹೇಳತಿದ್ರು. ಅಣ್ಣ ಬಂದಿದ್ದ, ಬಳಿ ಇಡಸಿ ಹೋದ. ಯಾವ ಗಂಡಸು ಹೋಗಿ ಅಣ್ಣನ್ನ ಕೇಳತಾನು? ಈಗ ಆ ಗ್ವಾಡಿ ಐತಲ್ಲ, ಅದಕ್ಕ ಸುಳ್ಳ ಹೇಳಾಕ ಬರೂದಿಲ್ಲ." ಅವಳು ಕೈ ಬಿಟ್ಟಳು. "ನಿಮ್ಮ ಮನಿಯೊಳಗ ಯಾರ ಕೇಳತಾರ್ರಿ, ಅಕ್ಕಾರ?"

ಮನೆಯಲ್ಲಿ ಡಜನ್ ಹಸಿರು ಬಳೆಗೆ ಏನು ಉತ್ತರ ಹೇಳಬೇಕೆಂದು ವನಮಾಲಾ ಗದಗ ಸ್ಟೇಷನ್ನಿನಿಂದಲೇ ಯೋಚಿಸುತ್ತ ಬಂದಿದ್ದಳು. ಆಫೀಸಿನ ಕೆಲಸಕ್ಕೆ ಅಂತ ಹೇಳಬೇಕು. ವಾಪಸು ಮಾಡುತ್ತಾರೆ ಅನ್ನಬೇಕು.

ಸೋಪಿನ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದಳು. ಎಂಟನೆಯ ಡಬ್ಬಿಯ ಮೇಲೆ ಬಸಲಿಂಗವ್ವ ಅವಳ ಹೆಸರು ಬರೆದಳು.

*

ಮರುದಿನ ಅವಳು ಮುಚ್ಚಿಹೋದ ಅಂಗಡಿಗಳ ಕಡತ ತೆರೆದಳು. ಬಳೆ ಅಂಗಡಿಗಳು, ಕುಪ್ಪಸ ಹೊಲಿಯುವವರು, ಹುಬ್ಬು ತೀಡುವ ಪಾರ್ಲರುಗಳು, ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುವವರು. ತರಕಾರಿಯವರಿಲ್ಲ, ಹಾಲಿನವರಿಲ್ಲ, ದೊಡ್ಡ ಸೀರೆ ಅಂಗಡಿಗಳೂ ಇಲ್ಲ. ಅಲ್ಲಿಗೆ ಮನೆಮಂದಿಯೆಲ್ಲ ಹೋಗುತ್ತಾರೆ, ಗಂಡಸು ಕೈ ಇಡುತ್ತಾನೆ. ಒಬ್ಬ ಹೆಂಗಸು ಒಬ್ಬಳೇ ಹೋಗಿ ತನ್ನ ಮೈಗೆಂದು ತಾನೇ ಖರ್ಚು ಮಾಡುವ ಅಂಗಡಿಗಳೇ ಸಾಲಾಗಿ ಸತ್ತಿದ್ದವು. ನಡೆಸುತ್ತಿದ್ದವರೂ ಹೆಂಗಸರೇ. ಮುನ್ನೂರರ ಮೇಲೆ. ನಲವತ್ತೊಂದರ ಕೆಳಗೆ ಅವಳ ಸಹಿ ಇತ್ತು. ಲಕ್ಷ್ಮೇಶ್ವರದವಳ ನಾಲ್ಕು ಸಾಲುಗಳನ್ನು ಅವಳು ಮತ್ತೊಮ್ಮೆ ಓದಿದಳು.

ಮುನವಳ್ಳಿ ಕೇಳಿಸಿಕೊಂಡು ಕುರ್ಚಿಗೆ ಒರಗಿದ. "ನೋವಿಂದು ಒಪ್ಪಿದೆ. ಅದರಿಂದ ಹತ್ತೋ ಹದಿನೈದೋ ಇಳೀತದ. ಉಳದದ್ದು ಇನ್ನೂ ಮಿತಿ ದಾಟತದಲ್ಲ? ಹೆದರಿಕಿ ಮನ್ಯಾಗಿಂದು ಅಂತೀರಿ. ಏನ ಆಧಾರ?"

"ಮನೀ ಹಲಗಿ ಅಳತಿ ತೆಗದ ನೋಡೂಣು."

"ಕುಟುಂಬದೊಳಗಿನ ಪಾವತಿ ನೋಡಬಾರದಂತ ಸುರುವಿಗೇ ತೀರ್ಮಾನ ಆಗೇದ ಬಾಯಾರ. ಪ್ರಯೋಗದಾಗ ನೋಡಿದ್ರು. ಅರ್ಧ ಊರ ಕೆಂಪಾತು. ಅರ್ಧ ಊರಿಗೆ ಹೆದರಿಕಿ ಇರ್ಲಿಕ್ಕೆ ಸಾಧ್ಯ ಏನ್ರೀ? ಯಂತ್ರದ ತಪ್ಪು ಅಂತ ಬಿಟ್ಟ ಬಿಟ್ರು."

"ಅಳಿಯೂದ ನಿಲ್ಲಿಸ್ಯಾರೇನು?"

"ನೋಡೂದ ನಿಲ್ಲಿಸ್ಯಾರ."

ಡಬ್ಬಿಗಳ ಮೇಲೆ ಹೆಸರಿದ್ದ ಆ ಏಳು ಮಂದಿಯ ಮನೆಯ ಅಳತೆ ತೆರೆಯಬೇಕೆಂದರೆ ಅವರ ಒಪ್ಪಿಗೆ ಬೇಕು. ಒಪ್ಪಿಗೆಯ ಕೋರಿಕೆ ಅವರವರ ಮನೆಯ ಗೋಡೆಯ ಮೇಲೆ ಮೂಡುತ್ತದೆ. ಕಸ್ತೂರಿ ಟೀಚರರ ಗೋಡೆಯ ಮೇಲೆ ಆ ಸಾಲು ಮೂಡುವುದನ್ನು ವನಮಾಲಾ ಕಲ್ಪಿಸಿಕೊಂಡಳು. ಅದು ಸಾಧ್ಯವಿರಲಿಲ್ಲ. ತಿಂಗಳು ಮುಗಿಯಲು ಮೂರು ದಿನ ಉಳಿದಿತ್ತು.

ಯಾರನ್ನೂ ಕೇಳದೆ ಅವಳು ತೆರೆಯಬಹುದಾದ ಕೈ ಒಂದೇ ಇತ್ತು.

ತೆರೆದಳು. ನಾಲ್ಕು ವರ್ಷ, ನಲವತ್ತೆಂಟು ಒಂದನೆಯ ತಾರೀಖುಗಳು. ಬಸ್ಸು, ಔಷಧಿ, ದಿನಸಿ ಇದ್ದಲ್ಲೆಲ್ಲ ರೇಖೆ ಕೆರೆಯ ನೀರಿನಂತೆ ಮಲಗಿತ್ತು. ಪ್ರತಿ ಒಂದನೆಯ ತಾರೀಖಿಗೆ ಒಂದೊಂದು ಸಲಾಕೆ ಎದ್ದಿತ್ತು. ಬೆಟಗೇರಿಯ ಸಲಾಕೆಗಿಂತ ಎತ್ತರ. ಯಾವ ಅಪರಿಚಿತಳ ರೇಖೆ ಇದು ಎಂಬಂತೆ ಅವಳು ಬಹಳ ಹೊತ್ತು ನೋಡಿದಳು. ತಾನು ಹೆದರಿದವಳೆಂದು ಅವಳಿಗೆ ಯಾವತ್ತೂ ಅನಿಸಿರಲಿಲ್ಲ. ಮೆಟ್ಟಿಲು ಹತ್ತುವಾಗ ಉತ್ತರ ಜೋಡಿಸಿಕೊಳ್ಳುವುದಕ್ಕೆ ಅವಳು ಇಟ್ಟುಕೊಂಡಿದ್ದ ಹೆಸರು ಬೇರೆ: ಹೊಂದಾಣಿಕೆ.

ಆ ರೇಖೆಗಳನ್ನು ಬೆಟಗೇರಿಯ ಕಡತಕ್ಕೆ ಸೇರಿಸುವಾಗ ಎಚ್ಚರಿಕೆ ಬಂತು. 'ಈ ಖಾತೆಯ ಕುಟುಂಬ ಪಾವತಿಗಳೂ ಇನ್ನು ಮುಂದೆ ಪರಿಶೀಲನೆಗೆ ಒಳಪಡುತ್ತವೆ. ಹಿಂಪಡೆಯಲು ಆಗುವುದಿಲ್ಲ. ಸಮ್ಮತಿಯೇ?'

ಅವಳು ಹಲಗೆಯ ಮೇಲೆ ಕೈ ಇಟ್ಟಳು.

ಮುನವಳ್ಳಿ ವರದಿಯನ್ನು ಓದಿದ. ರೇಖೆಗಳ ಪುಟದಲ್ಲಿ ಹೆಸರು ನೋಡಿ ತಲೆ ಎತ್ತಲಿಲ್ಲ. 'ಭಯದ ಮೂಲ ಅಂಗಡಿಯಲ್ಲ. ಹಲಗೆ ಮುಂದುವರಿಯಲಿ. ಗಿರಾಕಿ ಎರಡನೆಯ ಸಲ ಒಪ್ಪಿದರೆ ಪಾವತಿ ಬಿಡುವುದು' ಎಂದು ಬರೆದು ಸಹಿ ಮಾಡಿದ. ಲಕ್ಷ್ಮೇಶ್ವರದ ಕಡತವನ್ನೂ ಅವಳು ಕೆಳಗೆ ಇಟ್ಟಿದ್ದಳು. ಅದಕ್ಕೆ 'ಮರುಪರಿಶೀಲಿಸಿ' ಎಂದಷ್ಟೇ ಬರೆದ. ಅವಳು ಬಾಗಿಲವರೆಗೆ ಹೋದ ಮೇಲೆ ಕೇಳಿದ:

"ನಮ್ಮ ಮನಿಯಾಕೀದು ತೆಗದ ನೋಡಬಹುದೇನ್ರಿ?"

"ಆಕಿ ಒಪ್ಪಿದ್ರ, ಸರ್."

ಅವನು ಕಡತ ಮುಚ್ಚಿದ.

*

ತಿಂಗಳ ಕೊನೆಯ ದಿನ ಅವಳು ಆದೇಶ ಹಿಡಿದು ಬೆಟಗೇರಿಗೆ ಹೋದಳು. ಬಸಲಿಂಗವ್ವ ಅದನ್ನು ಓದಿ, ಹಲಗೆಗೆ ಒಂದು ಚಿಟಿಕೆ ಕುಂಕುಮ ಹಚ್ಚಿದಳು. "ಇನ್ನ ಸುಳ್ಳ ಹೇಳಬ್ಯಾಡಲೇ" ಎಂದು ಅದಕ್ಕೇ ಬುದ್ಧಿ ಹೇಳಿದಳು. ಆಮೇಲೆ ಎಂಟನೆಯ ಡಬ್ಬಿ ತೆಗೆದಳು.

"ಮನೀಗೆ ಒಯ್ತೀರಿ?"

"ಕೈಯಾಗ ಹಾಕ್ಕೊಂಡ ಹೋಗ್ತೇನಿ."

ಹಲಗೆ ಮೊದಲು ಕೆಂಪಾಯಿತು. ಎರಡನೆಯ ಸಲ ಕೇಳಿತು. ಅವಳು ಹೌದೆಂದಳು. ಹಣ ದಾಟಿತು. ಆ ಕ್ಷಣವೇ ಹುಬ್ಬಳ್ಳಿಯ ಗೋಡೆಯೊಂದರ ಮೇಲೆ ಒಂದು ಸಾಲು ಮೂಡಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗಡಿಯಾರ ನೋಡಿಕೊಂಡಳು, ಅಭ್ಯಾಸದಿಂದ.

ಅರವಿಂದ ಅವತ್ತು ಬಳೆಯ ಬಗ್ಗೆ ಏನೂ ಕೇಳಲಿಲ್ಲ. ಗೋಡೆಯನ್ನೂ ಅವಳ ಕೈಯನ್ನೂ ನೋಡಿ, "ಹಸಿರು ಛಲೋ ಒಪ್ಪತದ ನಿನಗ" ಎಂದ. ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಎಂದು ಅವಳು ಊಟ ಮುಗಿಯುವವರೆಗೂ ಹುಡುಕಿದಳು. ಅವನೂ ಅವಳ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದ.

ಮರುದಿನ ಬೆಳಿಗ್ಗೆ ಒಂದನೆಯ ತಾರೀಖು. ಚಹಾ ಆದ ಮೇಲೆ ಅವಳು ಎಂದಿನಂತೆ ಮನೆಯ ಹಲಗೆಯ ಮೇಲೆ ಕೈ ಇಟ್ಟಳು. ಬಳೆಗಳು ಹಲಗೆಗೆ ತಾಗಿ ಸದ್ದಾಯಿತು. ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಆ ಹಲಗೆ ಕೆಂಪಾಯಿತು.

"ನಿಮ್ಮ ಹಿತಕ್ಕಾಗಿ ಈ ಪಾವತಿಯನ್ನು ತಡೆಯಲಾಗಿದೆ. ನೀವು ಕ್ಷೇಮವಾಗಿದ್ದೀರಾ?"

ಅರವಿಂದ ಎದ್ದು ಬಂದ. "ಕೆಟ್ಟಿರಬೇಕು. ಇನ್ನೊಮ್ಮೆ ಇಡು."

ಅವಳು ಇನ್ನೊಮ್ಮೆ ಇಡಲಿಲ್ಲ. ಹೊಸ ಆದೇಶ ಈಗ ಅವಳ ಖಾತೆಗೂ ಅನ್ವಯಿಸುತ್ತಿತ್ತು; ಎರಡನೆಯ ಸಲ ಒಪ್ಪಿದರೆ ಹಣ ದಾಟುತ್ತಿತ್ತು, ಅವಳಿಗೆ ಗೊತ್ತಿತ್ತು. ಕೈಯನ್ನು ಮಡಿಲಿಗೆ ತೆಗೆದುಕೊಂಡಳು.

ಅವನು ಕೆಂಪು ಹಲಗೆಯನ್ನು ನೋಡಿದ. ಅದಕ್ಕೆ ಏನರ್ಥವೆಂದು ಊರಿಗೆಲ್ಲ ಗೊತ್ತಿತ್ತು, ಅವನಿಗೂ. ಕೆಂಪಾದರೆ ಹೆದರಿಸಿದವರು ಹಣ ಪಡೆಯುವವರು. ಪಡೆಯುವವರ ಹೆಸರಿನ ಜಾಗದಲ್ಲಿ ಅವನ ಹೆಸರಿತ್ತು.

"ಯಾರ ಹೆದರಸ್ತಾರ ನಿನ್ನ?" ಎಂದ, ಎಂದಿನ ಮೆತ್ತನೆಯ ದನಿಯಲ್ಲಿ. ಆಮೇಲೆ, "ಸುಮ್ಮ ಕೇಳಿದೆ" ಎಂದು ಸೇರಿಸಿದ.

"ಆ ಸುಮ್ಮ ಕೇಳೂದಕ್ಕ" ಎಂದಳು ವನಮಾಲಾ.